ಮಳೆಗಾಲಕ್ಕೊಂದು, ಬೇಸಿಗೆಗೊಂದು

ಕಾರ್ಗಲ್ ಕಡೆಯ ತೋಟ, ಗದ್ದೆ ಕೆಲಸಕ್ಕೆ ಪ್ಯಾಂಟು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಹೊಲಿಗೆ ನೋಡಿ. ಒಳಮೈ ಹೊರಗೆ ಮಾಡಿ, ಕಾಲುಗಳು ಕೂಡುವ ಜಾಗವನ್ನು ಎರಡೂ ಕೈಯಲ್ಲಿ ಎಳೆಯಿರಿ. ಹೊಲಿಗೆ ಬಾಯಿಬಿಟ್ಟರೆ ಅದನ್ನು ಕೊಳ್ಳಬೇಡಿ. ಜೇಬಿನ ಮೂಲೆಗೆ ರಿವೆಟ್ ಇರಲಿ. ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ 1873ರಲ್ಲಿ ಪೇಟೆಂಟ್ ಪಡೆದದ್ದು ದುಡಿಯುವವರ ಪ್ಯಾಂಟಿಗೆ ಬಲ ಕೊಡುವ ಈ ರಿವೆಟ್‌ಗೇ. ನಮ್ಮ ಬಳ್ಳಾರಿಯಲ್ಲೇ ಜೀನ್ಸ್ ತಯಾರಾಗುತ್ತದೆ, ಅದನ್ನೂ ಹೀಗೆಯೇ ಪರೀಕ್ಷಿಸಿ ಕೊಳ್ಳಿ.

ಬೇಸಿಗೆಗೆ ಚದರ ಗಜಕ್ಕೆ 12ರಿಂದ 14 ಔನ್ಸ್ ತೂಗುವ, ಪೂರ್ತಿ ಹತ್ತಿಯ ಡೆನಿಮ್ ಒಳ್ಳೆಯದು. ಸ್ಟ್ರೆಚ್ ಬಟ್ಟೆ ಬೇಗ ಸಡಿಲಾಗುತ್ತದೆ. ಜಡಿಮಳೆಯಲ್ಲಿ ಮಾತ್ರ ದಪ್ಪ ಜೀನ್ಸ್ ಬೇಡ. ನೀರು ಕುಡಿದು ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಆಗ ಪಾಲಿಯೆಸ್ಟರ್ ಬೆರೆತ ತೆಳು ಪ್ಯಾಂಟೇ ಸರಿ.

ಕೆಸರನ್ನು ಅಂದೇ ತೊಳೆಯಿರಿ. ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ, ಕಲ್ಲಿಗೆ ಬಡಿಯಬೇಡಿ. ಬಚ್ಚಲೊಲೆಯ ಬಿಸಿಗೆ ಒಣಗಿಸುವಾಗ ಬೆಂಕಿಯಿಂದ ದೂರ ಹರಡಿ. ಅಡಿಕೆ ಚೊಗರಿನ ಕಲೆ ಹೋಗುವುದು ಕಷ್ಟ, ಅಡಿಕೆ ಕೆಲಸಕ್ಕೆ ಹಳೆಯ ಪ್ಯಾಂಟನ್ನೇ ಇಟ್ಟುಕೊಳ್ಳಿ.

ಮಂಡಿ ತೆಳುವಾದ ಕೂಡಲೇ, ಹರಿಯುವ ಮೊದಲೇ, ಒಳಗಿನಿಂದ ತೇಪೆ ಹಾಕಿಸಿ. ದರ್ಜಿಗೆ ಕೊಡುವ ಸ್ವಲ್ಪ ಹಣ ಹೊಸ ಪ್ಯಾಂಟಿನ ಖರ್ಚನ್ನು ಮುಂದೂಡುತ್ತದೆ.