ಗ್ರೀಸ್ ದೇಶದ ಖರ್ಚಿನ ಲೆಕ್ಕ: 113 ಇದ್ದದ್ದು 103 ಆದದ್ದು ಹೇಗೆ?



"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ನಿಮಗೆಲ್ಲ ಗೊತ್ತು. ಮನೆಯ ಲೆಕ್ಕಕ್ಕೆ ಇದು ಸರಿಯಾದ ಮಾತು. ಆದರೆ ಒಂದು ಇಡೀ ದೇಶಕ್ಕೂ ಈ ಗಾದೆ ಹಾಗೆಯೇ ಹೊಂದುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಯುರೋಪಿನ ಗ್ರೀಸ್ ದೇಶದ ಲೆಕ್ಕವನ್ನು ಬಿಡಿಸಿ ನೋಡೋಣ. ಪಕ್ಕದಲ್ಲಿ ಪೆನ್ಸಿಲ್ ಮತ್ತು ಕಾಗದ ಇಟ್ಟುಕೊಳ್ಳಿ. ಇಲ್ಲಿ ಬರುವುದು ಕೂಡುವ, ಕಳೆಯುವ, ಶೇಕಡಾ ತೆಗೆಯುವ ಲೆಕ್ಕ ಮಾತ್ರ.

ಒಟ್ಟು ರಾಷ್ಟ್ರೀಯ ವೆಚ್ಚ ಎಂದರೇನು?

ಒಂದು ವರ್ಷದಲ್ಲಿ ಒಂದು ದೇಶದೊಳಗೆ ತಯಾರಾದ ಎಲ್ಲ ಅಂತಿಮ ಸರಕು ಮತ್ತು ಸೇವೆಗಳ ಬೆಲೆಯನ್ನು ಒಟ್ಟು ದೇಶೀಯ ಉತ್ಪನ್ನ ಅಥವಾ ಜಿಡಿಪಿ ಎನ್ನುತ್ತೇವೆ. ಇದನ್ನು ನೀವು ಸಮಾಜ ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಇದರ ಜೊತೆಗೆ ಇನ್ನೊಂದು ಅಳತೆಯಿದೆ. ಅದೇ ಒಟ್ಟು ರಾಷ್ಟ್ರೀಯ ವೆಚ್ಚ. ಇದರಲ್ಲಿ ಮೂರು ಭಾಗಗಳು:

1. ಜನರು ಊಟ, ಬಟ್ಟೆ, ಬಾಡಿಗೆ, ಔಷಧಿ ಮುಂತಾದವುಗಳಿಗೆ ಮಾಡುವ ಖರ್ಚು.
2. ಸರಕಾರವು ಶಾಲೆ, ಆಸ್ಪತ್ರೆ, ಸೈನ್ಯ, ಕಚೇರಿಗಳನ್ನು ನಡೆಸಲು ಮಾಡುವ ಖರ್ಚು.
3. ಕಟ್ಟಡ, ರಸ್ತೆ, ಯಂತ್ರ ಮೊದಲಾದವುಗಳ ಮೇಲಿನ ಬಂಡವಾಳ ಹೂಡಿಕೆ.

ಈ ಖರ್ಚಿನಲ್ಲಿ ಹೊರದೇಶದಿಂದ ತಂದ ವಸ್ತುಗಳೂ ಸೇರಿರುತ್ತವೆ. ದೇಶದಲ್ಲಿ ತಯಾರಾಗಿ ಹೊರಗೆ ಹೋದ ವಸ್ತುಗಳು ಸೇರಿರುವುದಿಲ್ಲ. ಹಾಗಾಗಿ ಎರಡು ಅಳತೆಗಳ ನಡುವಿನ ಸಂಬಂಧ ಹೀಗೆ:

ಒಟ್ಟು ರಾಷ್ಟ್ರೀಯ ವೆಚ್ಚ = ಜಿಡಿಪಿ – ರಫ್ತು + ಆಮದು

ವೆಚ್ಚವನ್ನು ಜಿಡಿಪಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ ಪ್ರಮಾಣ ಸಿಗುತ್ತದೆ. ಅದು 100ಕ್ಕಿಂತ ಹೆಚ್ಚಿದ್ದರೆ ದೇಶವು ತಾನು ಉತ್ಪಾದಿಸಿದ್ದಕ್ಕಿಂತ ಹೆಚ್ಚು ಬಳಸಿದೆ ಎಂದರ್ಥ. ಕಡಿಮೆಯಿದ್ದರೆ ಉತ್ಪಾದಿಸಿದ್ದರಲ್ಲಿ ಸ್ವಲ್ಪ ಭಾಗ ಹೊರಗಿನವರಿಗೆ ಹೋಗಿದೆ ಎಂದರ್ಥ.

ಇಲ್ಲೊಂದು ಸ್ವಾರಸ್ಯ ಗಮನಿಸಿ. ಜರ್ಮನಿಯ ಪ್ರವಾಸಿಯೊಬ್ಬರು ಗ್ರೀಸಿನ ದ್ವೀಪವೊಂದಕ್ಕೆ ಬಂದು ಮೀನೂಟ ಮಾಡಿ ಹಣ ಕೊಟ್ಟರು ಅಂದುಕೊಳ್ಳಿ. ಊಟ ಆದದ್ದು ಗ್ರೀಸಿನಲ್ಲೇ. ಆದರೂ ಲೆಕ್ಕದಲ್ಲಿ ಅದು ಗ್ರೀಸಿನ ರಫ್ತು! ಯಾಕೆಂದರೆ ಹಣ ಕೊಟ್ಟವರು ಹೊರದೇಶದವರು. ಗ್ರೀಸಿನ ರಫ್ತಿನಲ್ಲಿ ಇಂಥ ಪ್ರವಾಸೋದ್ಯಮಕ್ಕೂ ಹಡಗು ಸಾಗಣೆಗೂ ದೊಡ್ಡ ಪಾಲಿದೆ.

ಏರಿಕೆಯ ವರ್ಷಗಳು

ಗ್ರೀಸ್ 2001ರಲ್ಲಿ ಯೂರೋ ನಾಣ್ಯದ ಒಕ್ಕೂಟಕ್ಕೆ ಸೇರಿತು. ಅದಕ್ಕೆ ಮೊದಲು ಅಲ್ಲಿನ ನಾಣ್ಯ ದ್ರಾಖ್ಮಾ. ಯೂರೋಗೆ ಸೇರಿದ ಮೇಲೆ ಗ್ರೀಸಿಗೆ ಕಡಿಮೆ ಬಡ್ಡಿಯಲ್ಲಿ ಸಾಲ ಸಿಗತೊಡಗಿತು. ಸರಕಾರವೂ ಸಾಲ ಮಾಡಿತು, ಜನರೂ ಮಾಡಿದರು. 2004ರಲ್ಲಿ ಅಥೆನ್ಸ್ ನಗರದಲ್ಲಿ ಒಲಿಂಪಿಕ್ಸ್ ನಡೆಯಿತು. ಆ ಹೊತ್ತಿಗೆ ಹೊಸ ವಿಮಾನ ನಿಲ್ದಾಣ, ಮೆಟ್ರೋ, ರಸ್ತೆಗಳು, ಕ್ರೀಡಾಂಗಣಗಳು ಬಂದವು. ಜನರ ಕೈಯಲ್ಲಿ ಹಣ ಓಡಾಡಿತು, ಹೊರಗಿನ ಕಾರು, ಯಂತ್ರ, ಇಂಧನಗಳ ಆಮದು ಹೆಚ್ಚಿತು.

2008ರ ಲೆಕ್ಕ ನೋಡಿ. ಅಂಕಿಗಳು ಶತಕೋಟಿ ಯೂರೋಗಳಲ್ಲಿವೆ, ಅಂದಾಜಿಗೆ ಪೂರ್ಣಾಂಕ ಮಾಡಿದ್ದೇವೆ:

ಜಿಡಿಪಿ: 242
ರಫ್ತು: 56
ಆಮದು: 87
ಒಟ್ಟು ರಾಷ್ಟ್ರೀಯ ವೆಚ್ಚ: 242 – 56 + 87 = 273

273ನ್ನು 242ರಿಂದ ಭಾಗಿಸಿದರೆ ಸುಮಾರು ಶೇ. 113 ಬರುತ್ತದೆ. ಅಂದರೆ 100 ಯೂರೋ ಉತ್ಪಾದನೆಗೆ 113 ಯೂರೋ ಖರ್ಚು. ಮೇಲಿನ 13 ಯೂರೋ ಎಲ್ಲಿಂದ ಬಂತು? ಮುಖ್ಯವಾಗಿ ಹೊರಗಿನವರ ಸಾಲದಿಂದ.

ಹಾಗಂತ 100ಕ್ಕಿಂತ ಹೆಚ್ಚು ಅಂದಕೂಡಲೇ ತಪ್ಪು ಎಂದು ತೀರ್ಮಾನಿಸಬೇಡಿ. ಸಾಲ ತಂದು ಬಾವಿ ತೋಡಿಸಿದ ರೈತ ಮುಂದೆ ಬೆಳೆ ತೆಗೆದು ಸಾಲ ತೀರಿಸಬಲ್ಲ. ಸಾಲದ ಹಣ ಯಾವುದಕ್ಕೆ ಹೋಯಿತು, ಸಾಲ ಕೊಟ್ಟವರು ಎಷ್ಟು ದಿನ ಕಾಯುತ್ತಾರೆ ಎನ್ನುವುದೇ ಮುಖ್ಯ.

ಇಳಿಕೆಯ ವರ್ಷಗಳು

2009ರ ಅಕ್ಟೋಬರಿನಲ್ಲಿ ಬಂದ ಹೊಸ ಸರಕಾರವು ಬಜೆಟ್ ಕೊರತೆ ಹಿಂದೆ ಹೇಳಿದ್ದಕ್ಕಿಂತ ಬಹಳ ದೊಡ್ಡದು ಎಂದು ತಿಳಿಸಿತು. ಕೊನೆಗೆ ಲೆಕ್ಕ ಸರಿಪಡಿಸಿದಾಗ ಆ ವರ್ಷದ ಕೊರತೆ ಜಿಡಿಪಿಯ ಶೇ. 15ನ್ನೂ ಮೀರಿತ್ತು. ಸಾಲ ಕೊಡುವವರು ಹೆದರಿ ಹಿಂದೆ ಸರಿದರು. 2010ರ ಮೇ ತಿಂಗಳಲ್ಲಿ ಯೂರೋ ದೇಶಗಳೂ ಅಂತಾರಾಷ್ಟ್ರೀಯ ಹಣಕಾಸು ನಿಧಿಯೂ ಸೇರಿ 110 ಶತಕೋಟಿ ಯೂರೋ ಸಾಲ ಕೊಡಲು ಒಪ್ಪಿದವು. ಬದಲಿಗೆ ಗ್ರೀಸ್ ಖರ್ಚು ಕಡಿಮೆ ಮಾಡಬೇಕು, ತೆರಿಗೆ ಹೆಚ್ಚಿಸಬೇಕು ಎಂಬ ಷರತ್ತು ಹಾಕಿದವು. ಸಂಬಳ, ಪಿಂಚಣಿಗಳಿಗೆ ಕತ್ತರಿ ಬಿತ್ತು. 2012ರಲ್ಲಿ ಎರಡನೆಯ, 2015ರಲ್ಲಿ ಮೂರನೆಯ ಸಾಲದ ಒಪ್ಪಂದವೂ ಬೇಕಾಯಿತು.

ಸ್ವಂತ ನಾಣ್ಯ ಇರುವ ದೇಶ ಇಂಥ ಹೊತ್ತಿನಲ್ಲಿ ತನ್ನ ನಾಣ್ಯದ ಬೆಲೆ ಇಳಿಸಿ, ರಫ್ತನ್ನು ಹೊರಗಿನವರಿಗೆ ಅಗ್ಗ ಮಾಡಬಹುದು. ಗ್ರೀಸಿಗೆ ಆ ದಾರಿ ಇರಲಿಲ್ಲ. ಯೂರೋ ಅದೊಂದರದ್ದೇ ನಾಣ್ಯವಲ್ಲ ನೋಡಿ.

ಈಗ 2013ರ ಲೆಕ್ಕ:

ಜಿಡಿಪಿ: 180
ರಫ್ತು: 55
ಆಮದು: 60
ಒಟ್ಟು ರಾಷ್ಟ್ರೀಯ ವೆಚ್ಚ: 180 – 55 + 60 = 185

ಶೇಕಡಾ ಪ್ರಮಾಣ ಸುಮಾರು 103. ಐದು ವರ್ಷದಲ್ಲಿ 113 ಇದ್ದದ್ದು 103ಕ್ಕೆ ಇಳಿಯಿತು.

ಶೇಕಡಾ ಹೇಳದೇ ಬಿಟ್ಟದ್ದು

ಬರೀ ಈ ಶೇಕಡಾ ನೋಡಿದರೆ "ಅಬ್ಬ, ಸಮಸ್ಯೆ ಬಗೆಹರಿಯಿತು" ಅನ್ನಿಸುತ್ತದೆ, ಅಲ್ವಾ? ಆದರೆ ಶೇಕಡಾ ಎಂದರೆ ಒಂದು ಭಿನ್ನರಾಶಿ. ಅದಕ್ಕೆ ಅಂಶವೂ ಇದೆ, ಛೇದವೂ ಇದೆ. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಅಂಶ, ಅಂದರೆ ವೆಚ್ಚ, 273ರಿಂದ 185ಕ್ಕೆ ಬಂತು. ಇಳಿಕೆ 88, ಸುಮಾರು ಶೇ. 32. ಛೇದ, ಅಂದರೆ ಜಿಡಿಪಿ, 242ರಿಂದ 180ಕ್ಕೆ ಬಂತು. ಇಳಿಕೆ 62, ಸುಮಾರು ಶೇ. 26. ಎರಡೂ ಕುಸಿದಿವೆ. ಅಂಶ ಸ್ವಲ್ಪ ಹೆಚ್ಚು ಕುಸಿದದ್ದರಿಂದ ಪ್ರಮಾಣ ಇಳಿಯಿತು, ಅಷ್ಟೆ.

ಇನ್ನು ರಫ್ತು ನೋಡಿ. 2008ರಲ್ಲಿ ಅದು ಜಿಡಿಪಿಯ ಶೇ. 23, 2013ರಲ್ಲಿ ಶೇ. 30ಕ್ಕೂ ಮೇಲೆ. ರಫ್ತು ಜಿಗಿದುಬಿಟ್ಟಿತು ಅಂತ ಹೇಳಬಹುದೇ? ಯೂರೋ ಲೆಕ್ಕದಲ್ಲಿ ನೋಡಿದರೆ ಅದು 56 ಮತ್ತು 55, ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಛೇದ ಚಿಕ್ಕದಾದ್ದರಿಂದ ಪಾಲು ದೊಡ್ಡದಾಗಿ ಕಂಡಿತು. ಆಮದು ಮತ್ತು ರಫ್ತಿನ ಅಂತರ 31ರಿಂದ 5ಕ್ಕೆ ಇಳಿದದ್ದು ನಿಜ. ಆದರೆ ಅದು ಆದದ್ದು ಜನ ಹೊರಗಿನ ವಸ್ತು ಕೊಳ್ಳುವುದನ್ನು ಬಿಟ್ಟಿದ್ದರಿಂದ.

ಹಾಗಾದರೆ ಜಿಡಿಪಿ ಯಾಕೆ ಕುಸಿಯಿತು? ಮನೆಗೂ ದೇಶಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ನಿಮ್ಮ ಮನೆಯಲ್ಲಿ ಖರ್ಚು ಕಡಿಮೆ ಮಾಡಿದರೆ ನಿಮ್ಮ ತಂದೆಯ ಸಂಬಳವೇನೂ ಕಡಿಮೆಯಾಗುವುದಿಲ್ಲ. ದೇಶದಲ್ಲಿ ಹಾಗಲ್ಲ. ಅಲ್ಲಿ ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಶಿಕ್ಷಕಿಯ ಸಂಬಳ ಕಡಿತವಾದರೆ ಅವರು ಹೊಸ ಬಟ್ಟೆ ಕೊಳ್ಳುವುದಿಲ್ಲ. ಬಟ್ಟೆ ಅಂಗಡಿಯವರು ಒಬ್ಬ ಕೆಲಸದವನನ್ನು ಬಿಡಿಸುತ್ತಾರೆ. ಆತ ಹೋಟೆಲಿಗೆ ಹೋಗುವುದನ್ನು ನಿಲ್ಲಿಸುತ್ತಾನೆ. ಎಲ್ಲರೂ ಒಟ್ಟಿಗೆ ಕಾಲು ಮಡಚಿಕೊಂಡಾಗ ಹಾಸಿಗೆಯೇ ಗಿಡ್ಡವಾಗುತ್ತದೆ!

ಗ್ರೀಸಿನಲ್ಲಿ ಇದರ ನೋವು ಜನಜೀವನದಲ್ಲಿ ಕಂಡಿತು. 2008ರಲ್ಲಿ ಶೇ. 8ರ ಆಸುಪಾಸಿನಲ್ಲಿದ್ದ ನಿರುದ್ಯೋಗ 2013ರಲ್ಲಿ ಶೇ. 27ನ್ನು ದಾಟಿತು. ಯುವಜನರಲ್ಲಂತೂ ಕೆಲಸ ಹುಡುಕುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಸಿಗಲಿಲ್ಲ. ಓದಿದ ಅನೇಕರು ದೇಶ ಬಿಟ್ಟು ಹೋದರು. 2007ರಲ್ಲಿ ಜಿಡಿಪಿಯ ಕಾಲು ಭಾಗದಷ್ಟಿದ್ದ ಬಂಡವಾಳ ಹೂಡಿಕೆ 2013ಕ್ಕೆ ಅದರ ಅರ್ಧದಷ್ಟಾಯಿತು. ನಾಳೆಯ ಉತ್ಪಾದನೆಗೆ ಬೇಕಾದ ಯಂತ್ರ, ಕಟ್ಟಡಗಳೇ ಕಡಿಮೆಯಾದವು.

ಸಾಲದ ಹಣ ದುರುಪಯೋಗ ಆಗಿರಲಿಲ್ಲವೇ, ಖರ್ಚು ಇಳಿಸದೆ ಬೇರೆ ದಾರಿ ಇತ್ತೇ ಎಂದು ನೀವು ಕೇಳಬಹುದು. ಸಾಲ ಸಿಗದಿದ್ದ ಮೇಲೆ ಖರ್ಚು ಇಳಿಸಲೇಬೇಕಾಗಿತ್ತು. ಎಷ್ಟು ಬೇಗ, ಯಾವುದರಲ್ಲಿ ಇಳಿಸಬೇಕಿತ್ತು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಇಂದಿಗೂ ಚರ್ಚೆಯಿದೆ.

ಆಮೇಲೆ ಏನಾಯಿತು?

2015ರ ಸುಮಾರಿಗೆ ಪ್ರಮಾಣ 100ರ ಹತ್ತಿರ ಬಂತು. 2018ರ ಆಗಸ್ಟಿನಲ್ಲಿ ಸಾಲದ ಕಾರ್ಯಕ್ರಮ ಮುಗಿಯಿತು. 2020ರಲ್ಲಿ ಕೋವಿಡ್ ಬಂದಾಗ ಪ್ರವಾಸಿಗರು ಬರಲಿಲ್ಲ, ರಫ್ತು ಕುಸಿಯಿತು. ಆಗ ಪ್ರಮಾಣ ಮತ್ತೆ 100ನ್ನು ಬಿಟ್ಟು ಮೇಲೇರಿತು. ಜನ ದುಂದುವೆಚ್ಚ ಮಾಡಿದ್ದಕ್ಕಲ್ಲ, ಆದಾಯ ನಿಂತಿದ್ದಕ್ಕೆ. ಒಂದೇ ಅಂಕಿ ಏರಲು ಕಾರಣಗಳು ಬೇರೆ ಬೇರೆ ಇರಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಪತ್ರಿಕೆಯಲ್ಲಿ "ಶೇಕಡಾ ಇಷ್ಟು ಏರಿತು, ಇಷ್ಟು ಇಳಿಯಿತು" ಎಂದು ಓದುವಾಗ ಮೂರು ಪ್ರಶ್ನೆ ಕೇಳಿ: ಯಾವುದರ ಶೇಕಡಾ? ಅಂಶ ಬದಲಾಯಿತೇ, ಛೇದ ಬದಲಾಯಿತೇ? ಆ ಬದಲಾವಣೆ ಯಾರ ಬದುಕಿನಲ್ಲಿ ಆಯಿತು?

ನೀವೇ ಮಾಡಿ ನೋಡಿ

1. ಒಂದು ಕಾಲ್ಪನಿಕ ದೇಶದ ಜಿಡಿಪಿ 500, ರಫ್ತು 150, ಆಮದು 200. ಕೆಲವು ವರ್ಷಗಳ ನಂತರ ಜಿಡಿಪಿ 400, ರಫ್ತು 140, ಆಮದು 150. ಎರಡೂ ವರ್ಷಗಳ ಒಟ್ಟು ರಾಷ್ಟ್ರೀಯ ವೆಚ್ಚ ಮತ್ತು ಅದರ ಶೇಕಡಾ ಪ್ರಮಾಣ ಕಂಡುಹಿಡಿಯಿರಿ.
2. ಇದೇ ದೇಶದ ರಫ್ತು ಜಿಡಿಪಿಯ ಶೇಕಡಾ ಎಷ್ಟು? ಅದು ಏರಿತೇ, ಇಳಿಯಿತೇ? ನಿಜವಾದ ರಫ್ತು ಏರಿತೇ, ಇಳಿಯಿತೇ?
3. ಗ್ರೀಸಿನ 2008 ಮತ್ತು 2013ರ ನಾಲ್ಕು ಅಂಕಿಗಳಿಗೆ ಗ್ರಾಫ್ ಹಾಳೆಯಲ್ಲಿ ಅಕ್ಕಪಕ್ಕ ಸ್ತಂಭ ನಕ್ಷೆ ಬರೆಯಿರಿ. ಯಾವ ಸ್ತಂಭ ಅತಿ ಕಡಿಮೆ ಬದಲಾಗಿದೆ?

ಉತ್ತರಗಳು: 1) 550, ಶೇ. 110; 410, ಶೇ. 102.5. 2) ಶೇ. 30 ಇದ್ದದ್ದು ಶೇ. 35ಕ್ಕೆ ಏರಿತು, ನಿಜವಾದ ರಫ್ತು 10ರಷ್ಟು ಇಳಿಯಿತು. 3) ರಫ್ತಿನ ಸ್ತಂಭ.