ಮುರುಗೇಶಪಾಳ್ಯದಲ್ಲಿ ಮಂಜುಗಡ್ಡೆಯ ಲೆಕ್ಕ

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಂಥ ಊರಲ್ಲಿ ಕೂತು ವಿಮಾನದ ರೆಕ್ಕೆಗೆ ಕಟ್ಟುವ ಮಂಜುಗಡ್ಡೆಯ ಲೆಕ್ಕ ಹಾಕುತ್ತೇನೆಂದರೆ ಇಂದಿರಾನಗರದ ನೆಂಟರಿಗೆ ಈಗಲೂ ಅಚ್ಚರಿ. ಆದರೆ ಇದೇ ಊರಿನ ನೆತ್ತಿಯ ಮೇಲೆ, ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ, ಮಳೆಗಾಲದಲ್ಲೂ ಗಾಳಿ ಸೊನ್ನೆ ಡಿಗ್ರಿಗೆ ಇಳಿದಿರುತ್ತದೆ. ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನಗಳು ಓಡಾಡುವುದೂ ಆ ಎತ್ತರದ ಆಸುಪಾಸಿನಲ್ಲೇ.

ಮೋಡದ ಸಣ್ಣ ಹನಿಗಳು ಸೊನ್ನೆಗಿಂತ ಕೆಳಗೂ ನೀರಾಗಿಯೇ ಉಳಿಯಬಲ್ಲವು. ರೆಕ್ಕೆಗೆ ಬಡಿದಾಗ ಮಾತ್ರ ಹೆಪ್ಪುಗಟ್ಟಲು ಶುರುವಾಗುತ್ತವೆ. ಕೆಲಸಕ್ಕೆ ಹೊಸಬರಾಗಿ ಬಂದವರು ಹನಿಗಳು ಎಲ್ಲಿ ಬಡಿಯುತ್ತವೆ ಎಂಬುದಕ್ಕೇ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ವರ್ಷಗಳು ಕಳೆದಂತೆ ನನಗೆ ಮನದಟ್ಟಾದದ್ದು ಬೇರೆ: ಮೊದಲು ನೋಡಬೇಕಾದ್ದು ಶಾಖ ಎತ್ತ ಹೋಗುತ್ತದೆ ಎಂಬುದನ್ನು.

ಮೈನಸ್ 10 ಡಿಗ್ರಿಯ ಒಂದು ಗ್ರಾಂ ನೀರನ್ನೇ ತೆಗೆದುಕೊಳ್ಳಿ. ಅದು ಪೂರ್ತಿ ಗಡ್ಡೆಯಾಗಲು 334 ಜೂಲ್ ಶಾಖ ಬಿಟ್ಟುಕೊಡಬೇಕು. ಆ ನೀರು ಸೊನ್ನೆಗೆ ಏರುವಷ್ಟರಲ್ಲಿ ತಾನೇ ಹೀರಿಕೊಳ್ಳುವುದು 42 ಜೂಲ್ ಮಾತ್ರ. ಅಂದರೆ ಬಡಿದ ಕೂಡಲೇ ಗಡ್ಡೆಯಾಗುವುದು ಎಂಟರಲ್ಲೊಂದು ಪಾಲು. ಉಳಿದದ್ದರ ಶಾಖವನ್ನು ಗಾಳಿ ಹೊತ್ತೊಯ್ಯಬೇಕು, ಇಲ್ಲವೇ ನೀರು ಹಿಂದಕ್ಕೆ ಹರಿಯುತ್ತದೆ. ಅದರ ಮೇಲೆ ವೇಗದ ಕಾಟ: ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ರೆಕ್ಕೆಯ ಮುಂದಂಚಿನ ಗಾಳಿ ಸುಮಾರು 5 ಡಿಗ್ರಿ ಬಿಸಿಯಾಗುತ್ತದೆ. ಶಾಖದ ಈ ಜಮಾ-ಖರ್ಚನ್ನು 1953ರಲ್ಲಿ ಮೆಸ್ಸಿಂಜರ್ ಎಂಬುವರು ಸಮೀಕರಣಕ್ಕಿಳಿಸಿದರು. ಇಂದಿನ ಸಾಫ್ಟ್‌ವೇರ್‌ಗಳ ಬೇರು ಅಲ್ಲಿದೆ.

ಕಡು ಚಳಿಯಲ್ಲಿ ಲೆಕ್ಕ ಸಲೀಸು. ಹನಿ ಬಿದ್ದಲ್ಲೇ ಬೆಳ್ಳಗೆ, ಒರಟಾಗಿ ಕಟ್ಟುತ್ತದೆ.

ಸೊನ್ನೆಯ ಹತ್ತಿರವೇ ನಿಜವಾದ ತೊಡಕು. ಮೊದಲು ಕಟ್ಟಿದ ಸಣ್ಣ ಹರಳುಗಳು ನುಣುಪಾದ ಮೈಯನ್ನು ಒರಟು ಮಾಡುತ್ತವೆ, ಗಾಳಿಯ ಹರಿವು ಕದಡುತ್ತದೆ, ಶಾಖ ಹೊರಹೋಗುವ ವೇಗ ಹಲವು ಪಟ್ಟು ಏರುತ್ತದೆ. ಅದು ಏರಿದ ಕಡೆ ಗಡ್ಡೆ ಕೊಂಬಿನಂತೆ ಮೂಡುತ್ತದೆ. ಒರಟುತನದ ಅಂಕಿ ತುಸು ಬದಲಾದರೂ ಕೊಂಬು ಜಾಗ ಬದಲಿಸುತ್ತದೆ.

ಇದು ಬರೀ ಕಾಗದದ ಮಾತಲ್ಲ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ಎಟಿಆರ್-72 ವಿಮಾನ ಬಿದ್ದು 68 ಜನ ಸತ್ತರು. ದೊಡ್ಡ ಹನಿಗಳ ನೀರು, ಗಡ್ಡೆ ಒಡೆಯುವ ರಬ್ಬರ್ ಪಟ್ಟಿಯನ್ನು ದಾಟಿ ಅದರ ಹಿಂದೆ ದಿಬ್ಬವಾಗಿ ಕಟ್ಟಿತ್ತು.

ಲೆಕ್ಕವನ್ನು ತಾಳೆ ನೋಡಲು ಗಾಳಿ ಸುರಂಗ ಬೇಕು. ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಗೆ ಹೆಸರು ತಂದ, ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಸುರಂಗ 1967ರದು, ಆದರೆ ಅದು ಗಡ್ಡೆ ಕಟ್ಟಿಸುವ ಸುರಂಗವಲ್ಲ. ಆ ಕೆಲಸಕ್ಕೆಂದೇ ಕ್ಲೀವ್‌ಲ್ಯಾಂಡ್‌ನಲ್ಲಿ 1944ರಿಂದ ಒಂದು ಸುರಂಗವಿದೆ. ಅಲ್ಲಿ ಅಳೆದ ಆಕಾರಗಳನ್ನು ಪಕ್ಕಕ್ಕಿಟ್ಟುಕೊಂಡೇ ನಾನು ಈಗ ಪ್ರತಿ ಲೆಕ್ಕವನ್ನೂ ಬೇರೆ ಬೇರೆ ಒರಟುತನದೊಂದಿಗೆ ಓಡಿಸುತ್ತೇನೆ. ವರದಿಯಲ್ಲಿ ಒಂದೇ ಗೆರೆ ಎಳೆಯದೆ, ಕೊಂಬು ಎಲ್ಲಿಂದ ಎಲ್ಲಿಯವರೆಗೆ ಸರಿದೀತು ಎಂಬ ಪಟ್ಟಿಯನ್ನೇ ಕೊಡುತ್ತೇನೆ.