ತಗಡಿನ ಕೆಳಗೆ ಏನು ನಡೀತದೆ?

ತಮ್ಮಾ, ದೊಡ್ಡಬಾತಿ ಕಡೆ ಹೊಲದಲ್ಲಿ ಒಂದು ಶೆಡ್ಡು ಹಾಕಿಸ್ತೀನಿ, ತಗಡಿಗೆ ಅಡ್ವಾನ್ಸೂ ಕೊಟ್ಟಾಯ್ತು ಅಂದೆ. ಶೆಡ್ಡು ಯಾತಕ್ಕೆ ಅಂತ ಕೇಳಿದರೆ, "ಸದ್ಯಕ್ಕೆ ಎರಡು ಎಮ್ಮೆ, ಆಮೇಲೆ ನೋಡೋಣ ದೊಡ್ಡಪ್ಪ" ಅಂತ ನಕ್ಕೆ. ಆ "ಆಮೇಲೆ ನೋಡೋಣ" ಅನ್ನುವುದರ ಮೇಲೇ ಒಂದೆರಡು ಮಾತು ಹೇಳಬೇಕು.

ಕಾನೂನು ನಿನ್ನ ತಗಡನ್ನು ನೋಡುವುದಿಲ್ಲ, ತಗಡಿನ ಕೆಳಗೆ ಏನು ನಡೀತದೆ ಅಂತ ನೋಡ್ತದೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು, ಸಾಗುವಳಿಗೆ ಅನುಕೂಲವಾಗುವ ಕಟ್ಟಡವನ್ನು ರೈತ ತನ್ನ ಜಮೀನಿನಲ್ಲಿ ಕಟ್ಟಿಕೊಳ್ಳಬಹುದು ಅನ್ನುತ್ತದೆ. ಪಂಪ್‌ಸೆಟ್ ಮನೆ, ಗೊಬ್ಬರ ಇಡುವ ಕೋಣೆ, ಅಡಿಕೆ ಒಣಗಿಸುವ ಚಪ್ಪರ, ಇವಕ್ಕೆಲ್ಲ ಭೂ ಪರಿವರ್ತನೆ ಬೇಡ. ಜಮೀನಿನಲ್ಲೇ ಇರಲು ಮನೆ ಕಟ್ಟಿದರೂ ನಡೆಯುತ್ತದೆ, ಆದರೆ ಅದು ಹಿಡುವಳಿಯ ನೂರಕ್ಕೆ ಹತ್ತರಷ್ಟು ಜಾಗ ಮೀರಬಾರದು. ಭೂ ಸುಧಾರಣಾ ಕಾಯ್ದೆಯಂತೂ ಹೈನುಗಾರಿಕೆ, ಕೋಳಿ ಸಾಕಣೆ ಎರಡನ್ನೂ ಕೃಷಿಯ ಲೆಕ್ಕಕ್ಕೇ ಸೇರಿಸಿದೆ. ಹಾಗಾಗಿ ನಿನ್ನ ಎಮ್ಮೆಗಳು ಕಾನೂನಿನ ಪ್ರಕಾರ ಒಕ್ಕಲುತನವೇ. ಅದೇ ಶೆಡ್ಡಿನಲ್ಲಿ ಮಂಡಕ್ಕಿ ಭಟ್ಟಿ ಹಚ್ಚು, ಇಲ್ಲ ಯಾರದ್ದೋ ಸಿಮೆಂಟು ಮೂಟೆ ಇಟ್ಟುಕೊಂಡು ಬಾಡಿಗೆ ಎಣಿಸು, ಮರುದಿನದಿಂದ ಅದು ಕೃಷಿಯಲ್ಲ. ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಪರಿವರ್ತನೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ 96ನೇ ಕಲಮು ದಂಡ ಹಿಡಿದು ಕಾಯ್ತಿರ್ತದೆ.

ಇದನ್ನು ಪುಸ್ತಕ ಓದಿ ಹೇಳ್ತಿಲ್ಲ. ನಾನೂ ಒಂದು ಕಾಲದಲ್ಲಿ ಹೆದ್ದಾರಿ ಪಕ್ಕದ ನಮ್ಮ ತುಂಡು ಹೊಲದಲ್ಲಿ ಶೆಡ್ಡು ಹಾಕಿದ್ದೆ. ಎತ್ತು ಕಟ್ಟಲಿಕ್ಕೆ ಅಂತ ಹಾಕಿದ್ದು. ಎತ್ತು ಮಾರಿದ ಮೇಲೆ ಅರ್ಧ ಭಾಗ ಪಂಕ್ಚರ್ ಅಂಗಡಿಗೆ ಬಾಡಿಗೆ ಕೊಟ್ಟೆ. ವರ್ಷಾ ವರ್ಷಾ ಕಂದಾಯ ಕಟ್ಟಿದ ರಸೀದಿಗಳನ್ನು ಸುತಳಿ ಹಾಕಿ ಗಂಟು ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ರಸ್ತೆ ಅಗಲ ಮಾಡುವವರು ಟೇಪು ಹಿಡಿದು ಬಂದರು. ನಾನು ಗಂಟು ಬಿಚ್ಚಿದೆ. ಅಳೆಯಲು ಬಂದವನು ಒಂದು ರಸೀದಿಯನ್ನು ತಿರುವಿ ನೋಡಿ ವಾಪಸ್ ಕೊಟ್ಟ: "ಯಜಮಾನ್ರೇ, ಇದು ದುಡ್ಡು ಕಟ್ಟಿದ್ದಕ್ಕೆ ಸಾಕ್ಷಿ, ಕಟ್ಟಡ ಕಟ್ಟಲಿಕ್ಕೆ ಪರವಾನಿಗೆ ಎಲ್ಲಿ?" ನನ್ನ ಹತ್ತಿರ ಇರಲಿಲ್ಲ. ತಗಡು ನಾನೇ ಬಿಚ್ಚಿಕೊಂಡೆ. ಕಂಬ ಕಿತ್ತ ಗುಂಡಿಗಳಲ್ಲಿ ಆ ವರ್ಷ ಮಳೆನೀರು ನಿಂತಿತ್ತು.

ಹೆದ್ದಾರಿ ಲೆಕ್ಕ ನೆನಪಿಟ್ಟುಕೋ. ರಾಷ್ಟ್ರೀಯ ಹೆದ್ದಾರಿಯ ನಡುಗೆರೆಯಿಂದ 40 ಮೀಟರಿನೊಳಗೆ ಕಟ್ಟಡ ಕೂಡದು, 75 ಮೀಟರ್‌ವರೆಗೂ ಅವರ ಒಪ್ಪಿಗೆ ಬೇಕು. ನಿನ್ನ ಬೇಲಿಯಿಂದ ಅಳೆಯಬೇಡ, ನಡುಗೆರೆಯಿಂದ ಅಳೆ. ನಾನು ಅಲ್ಲೂ ತಪ್ಪಿದ್ದೆ.

ಇನ್ನು ಕಚೇರಿಗಳು. ಜಮೀನಿನ ಭೂಕಂದಾಯ, ಪಹಣಿ ಎಲ್ಲ ಕಂದಾಯ ಇಲಾಖೆಯದ್ದು. ಕಟ್ಟಡದ ತೆರಿಗೆ, ಕಟ್ಟಡದ ಲೈಸೆನ್ಸು ಗ್ರಾಮ ಪಂಚಾಯಿತಿಯದ್ದು, ಅಲ್ಲಿ ಪಿಡಿಒ ಹತ್ತಿರ ಹೋಗು. ಒಬ್ಬರಿಗೆ ಕಟ್ಟಿದ್ದು ಇನ್ನೊಬ್ಬರ ಲೆಕ್ಕಕ್ಕೆ ಬರುವುದಿಲ್ಲ. ಕೋಳಿ ಶೆಡ್ಡಿನ ತೆರಿಗೆ ಜಗಳ ಹೈಕೋರ್ಟಿನವರೆಗೂ ಹೋಗಿ, ಕೋಳಿ ಸಾಕಣೆ ವಾಣಿಜ್ಯ ವ್ಯವಹಾರ ಅಲ್ಲ ಅಂತ ತೀರ್ಪು ಬಂದದ್ದೂ ಉಂಟು. ಆದ್ದರಿಂದ ಡಿಮ್ಯಾಂಡ್ ನೋಟಿಸು ಬಂದರೆ ಯಾವ ಬಾಬ್ತಿಗೆ ಹಾಕಿದ್ದಾರೆ ಅಂತ ಓದು, ಓದದೆ ಕಟ್ಟಬೇಡ, ಓದದೆ ಜಗಳಕ್ಕೂ ಹೋಗಬೇಡ.

ನಮ್ಮ ಭಾಗದಲ್ಲಿ ಮೂರನೆಯವರೂ ಇದ್ದಾರೆ, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ದೂಡಾ. ಎರಡೂ ಊರಿನ ನಡುವಿನ ಹೊಲಗಳಿಗೆ ಅವರ ಮಾಸ್ಟರ್ ಪ್ಲಾನ್ ಬಣ್ಣ ಬಳಿದಿದೆ. ನಿನ್ನ ಸರ್ವೆ ನಂಬರ್ ಗ್ರೀನ್ ಬೆಲ್ಟೋ ಯೆಲ್ಲೋ ಬೆಲ್ಟೋ ಅಂತ ಮೊದಲು ಕೇಳಿಕೋ. ಹಸಿರು ಅಂದರೆ ಗೋದಾಮಿನ ಕನಸು ಇವತ್ತೇ ಬಿಟ್ಟುಬಿಡು. ಹಳದಿ ಅಂದರೆ ಹಿಗ್ಗಬೇಡ, ಆಗಲೂ ಪರವಾನಿಗೆ ತಪ್ಪಿದ್ದಲ್ಲ. ಆವರಗೆರೆ, ಶಾಮನೂರು ಹಳ್ಳಿಗಳಾಗಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. 2007ರಲ್ಲಿ ದಾವಣಗೆರೆ ಮಹಾನಗರ ಪಾಲಿಕೆ ಆಯಿತು, ಇವತ್ತು ಅವು ಊರೊಳಗೇ ಇವೆ. ಹಳ್ಳಿ ಪಾಲಿಕೆಗೆ ಸೇರಿದ ದಿನ ತೆರಿಗೆಯ ಲೆಕ್ಕವೇ ಬೇರೆ ಆಗುತ್ತದೆ, ಖಾಲಿ ನಿವೇಶನಕ್ಕೂ ಕಟ್ಟಬೇಕು. ಪಂಚಾಯಿತಿ ಕಾಲದ ಕಾಗದ ಸರಿಯಿದ್ದವರು ಆವಾಗ ಸುಖವಾಗಿರುತ್ತಾರೆ.

ನರೇಗಾದಲ್ಲಿ ದನದ ಕೊಟ್ಟಿಗೆಗೆ 57,000 ರೂಪಾಯಿ ಕೊಡ್ತಿದ್ದರಲ್ಲ, ಅದನ್ನು ತಗೊಂಡು ಕೊಟ್ಟಿಗೆ ಕಟ್ಟಿಸಿ ಈಗ ಅದರಲ್ಲಿ ಬೈಕು ನಿಲ್ಲಿಸಿದವರನ್ನು ನೀನೂ ನೋಡಿದ್ದೀಯ. ಆ ದಾರಿ ನಿನಗೆ ಬೇಡ.

ಭಾನುವಾರ ಬೆಳಿಗ್ಗೆ ಬೇಗ ಬಾ, ಲಾರಿ ಓಡಾಟ ಕಮ್ಮಿ ಇರ್ತದೆ. ಪಹಣಿ, ಸರ್ವೆ ನಕ್ಷೆ ತಗೊಂಡು ಬಾ. ಅಳೆಯಲಿಕ್ಕೆ ಹಗ್ಗ ನನ್ನ ಹತ್ತಿರ ಇದೆ.